ಉಬ್ಬಸದ ಲೆಕ್ಕದ ಪುಸ್ತಕ: ದಾವಣಗೆರೆಯ ಒಂದು ಮನೆಯಲ್ಲಿ ಅಸ್ತಮಾ ಮತ್ತು ನೆಬ್ಯುಲೈಸರ್

ಈ ಪ್ರಕರಣಕ್ಕೆ ಮುಖ್ಯ ಆಧಾರ ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕ. ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ತಂದೆಯೊಬ್ಬರು ಮಗಳಿಗೆ ಮನೆಯಲ್ಲಿ ನೆಬ್ಯುಲೈಸರ್ (ಔಷಧವನ್ನು ಮಂಜಾಗಿಸಿ ಉಸಿರಿನಲ್ಲಿ ಕೊಡುವ ಯಂತ್ರ) ಹಾಕಿದಾಗಲೆಲ್ಲ ದಿನಾಂಕ, ಹೊತ್ತು, ಔಷಧದ ಪ್ರಮಾಣ ಮತ್ತು ಎಷ್ಟು ನಿಮಿಷಕ್ಕೆ ಉಸಿರು ಸಲೀಸಾಯಿತು ಎಂಬುದನ್ನು ಅದರಲ್ಲಿ ಬರೆದಿಟ್ಟರು. 1998ರಲ್ಲಿ ಶುರುವಾದ ಈ ಬರವಣಿಗೆ ನಡುವೆ ಕೆಲವು ವರ್ಷ ನಿಂತು, ಮುಂದೆ ಮಗಳ ಕೈಬರಹದಲ್ಲಿ ಮತ್ತೆ ಶುರುವಾಗಿ, 2018ರ ನವೆಂಬರಿನಲ್ಲಿ ಕೊನೆಗೊಳ್ಳುತ್ತದೆ. ಆಸ್ಪತ್ರೆಯ ಚೀಟಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಪುಸ್ತಕ ಮಾತ್ರ ಅಚ್ಚುಕಟ್ಟಾಗಿದೆ. ಕುಟುಂಬದ ಒಪ್ಪಿಗೆ ಪಡೆದು ಅದನ್ನು ಓದಿ, ರೋಗಿಯ ಜೊತೆಗೂ ಆಕೆಯ ತಾಯಿಯ ಜೊತೆಗೂ ಮಾತನಾಡಿ ಈ ಅಧ್ಯಯನವನ್ನು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪುಸ್ತಕವನ್ನು ಓದುತ್ತ ಹೋದಂತೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿರುವ ಬಹುತೇಕ ನಮೂದುಗಳು ಉಬ್ಬಸ ಬಂದ ದಿನಗಳವು. ಉಬ್ಬಸ ಬಾರದ ದಿನಗಳಲ್ಲಿ ಮಗು ಎಷ್ಟು ಓಡಿತು, ರಾತ್ರಿ ಕೆಮ್ಮಿತೇ, ಬೆಳಗಿನ ಜಾವ ಎದ್ದು ಕೂತಿತೇ ಎಂಬುದಕ್ಕೆ ಅಲ್ಲಿ ಕಲಂ ಇಲ್ಲ. ಮನೆಯವರಷ್ಟೇ ಅಲ್ಲದೆ ವೈದ್ಯರಲ್ಲಿಯೂ ಹಲವರು ಈ ಕಾಯಿಲೆಯನ್ನು ಹಾಗೆಯೇ ಕಂಡಿದ್ದರು: ಬಂದಾಗ ಇಳಿಸಬೇಕು, ಇಳಿದ ಮೇಲೆ ಅದು ಇಲ್ಲ. ಈ ಹುಡುಗಿಯ ಶ್ವಾಸನಾಳಗಳ ಉರಿಯೂತ ಬೆಳೆದದ್ದು ಪುಸ್ತಕ ಮುಚ್ಚಿದ್ದ ದಿನಗಳಲ್ಲಿ.

ಬಾಲ್ಯ

ರೋಗಿ ಹುಟ್ಟಿದ್ದು 1989ರಲ್ಲಿ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ. ತಂದೆಗೆ ವರ್ಷದ ಬಹುಪಾಲು ಬೆಳಗ್ಗೆ ಸೀನು, ಮೂಗು ಸೋರಿಕೆ. ತಂದೆಯ ತಾಯಿಗೆ ‘ದಮ್ಮು’ ಇತ್ತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೂಸಾಗಿದ್ದಾಗ ಮೊಣಕೈ ಮತ್ತು ಮಂಡಿಯ ಹಿಂಭಾಗದಲ್ಲಿ ಇಸುಬು ಕಾಣಿಸಿಕೊಂಡಿತ್ತು. ಚರ್ಮದ ಇಸುಬು, ಆಮೇಲೆ ಮೂಗಿನ ಅಲರ್ಜಿ, ಆಮೇಲೆ ಉಬ್ಬಸ ಎಂಬ ಕ್ರಮ ಅಲರ್ಜಿಯ ಮೈ ಇರುವ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವಂಥದ್ದು. ಇವಳಲ್ಲಿಯೂ ಹಾಗೆಯೇ ನಡೆಯಿತು. 1992ರ ಮಳೆಗಾಲದಲ್ಲಿ, ಮೂರು ವರ್ಷದವಳಿದ್ದಾಗ, ನೆಗಡಿಯೊಂದು ಎದೆಗಿಳಿದು ಮೊದಲ ಬಾರಿಗೆ ಪಕ್ಕೆಲುಬು ಒಳಸೆಳೆಯುವಷ್ಟು ಉಬ್ಬಸ ಬಂತು.

ಮನೆಯಿದ್ದದ್ದು ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಯನ್ನು ಇಷ್ಟಪಡದ ಕನ್ನಡಿಗರು ಕಡಿಮೆ. ಆದರೆ ಆ ಮಂಡಕ್ಕಿ ಹುರಿಯುವ ಒಲೆಗಳಿಗೆ ಬಹಳ ಕಾಲ ಭತ್ತದ ಹೊಟ್ಟಿನ ಜೊತೆಗೆ ಹಳೆಯ ಟೈರುಗಳೂ ಉರುವಲಾಗಿದ್ದವು ಎಂಬುದು ಊರಿನವರಿಗಷ್ಟೇ ಚೆನ್ನಾಗಿ ಗೊತ್ತು. ಒಗೆದು ಹಾಕಿದ ಬಟ್ಟೆಯ ಮೇಲೆ ಸಂಜೆಯೊಳಗೆ ಕರಿ ಕೂರುತ್ತಿತ್ತೆಂದು ತಾಯಿ ಹೇಳುತ್ತಾರೆ. ಈ ಹೊಗೆಯೇ ಅಸ್ತಮಾವನ್ನು ಹುಟ್ಟಿಸಿತೆಂದು ಹೇಳಲು ಬರುವುದಿಲ್ಲ, ಏಕೆಂದರೆ ಅದೇ ಓಣಿಯಲ್ಲಿ ಬೆಳೆದ ಅವಳ ತಮ್ಮನಿಗೆ ಒಂದು ದಿನವೂ ಉಬ್ಬಸ ಬರಲಿಲ್ಲ. ಮೊದಲೇ ಸೂಕ್ಷ್ಮವಾಗಿದ್ದ ಶ್ವಾಸನಾಳಗಳನ್ನು ಅದು ದಿನದಿನವೂ ಕೆರಳಿಸಿತೆಂಬುದು ಹೆಚ್ಚು ಸರಿಯಾದ ಮಾತು. ಹೊರಗಿನ ಹೊಗೆಯನ್ನು ಎಲ್ಲರೂ ದೂರಿದರು. ಮನೆಯೊಳಗಿನ ಹಳೆಯ ಹತ್ತಿ ಹಾಸಿಗೆಯನ್ನೂ ಅದರಲ್ಲಿ ನೆಲೆಸುವ ಧೂಳಿನ ನುಸಿಯನ್ನೂ ಯಾರೂ ಅನುಮಾನಿಸಲಿಲ್ಲ.

ಆ ವರ್ಷಗಳ ಚಿಕಿತ್ಸೆ ಅಂದಿನ ರೂಢಿಯಂತೆಯೇ ಇತ್ತು. ಸಾಲ್ಬುಟಮಾಲ್ ಸಿರಪ್ ಕುಡಿಸಿದರೆ ಉಸಿರು ಸ್ವಲ್ಪ ಬಿಡುವಾಗುತ್ತಿತ್ತು, ಆದರೆ ಔಷಧ ಹೊಟ್ಟೆಯ ಮೂಲಕ ಮೈಯೆಲ್ಲ ಸುತ್ತಿ ಬರುವುದರಿಂದ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ರಾತ್ರಿ ಸೈಕಲ್ ಮೇಲೆ ಕೂರಿಸಿಕೊಂಡು ಹತ್ತಿರದ ದವಾಖಾನೆಗೆ ಹೋಗಿ, ಶ್ವಾಸನಾಳ ಸಡಿಲಿಸುವ ಡೆರಿಫಿಲಿನ್ ಚುಚ್ಚಿಸಬೇಕು; ಜೊತೆಗೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆಯನ್ನು ಪುಡಿ ಮಾಡಿ ಜೇನಿನಲ್ಲಿ ನೆಕ್ಕಿಸಬೇಕು. ಚೀಟಿಗಳಲ್ಲಿ ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದೋ ‘ವೀಸಿಂಗ್’ ಎಂದೋ ಬರೆದಿದೆ. ಅಸ್ತಮಾ ಎಂಬ ಹೆಸರು ಮೊದಲು ಕಾಣುವುದು 1997ರ ಒಂದು ಚೀಟಿಯಲ್ಲಿ, ಅಂದರೆ ಮೊದಲ ಉಬ್ಬಸದ ಐದು ವರ್ಷಗಳ ನಂತರ. ಹೆಣ್ಣುಮಗುವಿಗೆ ಆ ಹೆಸರು ಅಂಟಬಾರದೆಂದು ಮನೆಯವರೂ ಬಯಸಿದ್ದರು, ವೈದ್ಯರೂ ಅದಕ್ಕೆ ಹೊಂದಿಕೊಂಡಿದ್ದರು.

ಮನೆಮದ್ದುಗಳ ವಿಷಯ ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಆಡುಸೋಗೆ ಸೊಪ್ಪಿನ ಕಷಾಯ ಬಹಳ ಕಾಲ ನಡೆಯಿತು. ಅದನ್ನು ಪೂರ್ತಿ ಹೀಗಳೆಯಲೂ ಆಗದು, ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧ ರೂಪುಗೊಂಡದ್ದು ಅದೇ ಗಿಡದ ವ್ಯಾಸಿಸಿನ್ ಎಂಬ ಸತ್ವದ ಜಾಡು ಹಿಡಿದು. ಆದರೆ ಕಫ ಸಡಿಲಿಸುವುದೇ ಬೇರೆ, ಬಿಗಿದ ಶ್ವಾಸನಾಳವನ್ನು ತೆರೆಯುವುದೇ ಬೇರೆ. 1996ರ ಜೂನ್ ತಿಂಗಳಲ್ಲಿ, ಮೃಗಶಿರ ಕಾರ್ತೆಯ ದಿನ, ಹೈದರಾಬಾದಿನ ಮೀನಿನ ಮದ್ದಿಗೂ ಹೋಗಿ ಬಂದರು. ಸಸ್ಯಾಹಾರಿಗಳಾದ್ದರಿಂದ ಮೀನಿನ ಬದಲು ಬೆಲ್ಲದಲ್ಲಿಟ್ಟ ಮದ್ದನ್ನು ನುಂಗಿಸಿದರು. ಆ ವರ್ಷದ ಶ್ರಾವಣದಲ್ಲಿ ಉಬ್ಬಸ ಎಂದಿನಂತೆಯೇ ಬಂತು. ಬಾಳೆಹಣ್ಣು, ಮೊಸರು, ಕಿತ್ತಳೆ ಇವುಗಳನ್ನು ಮಾತ್ರ ವರ್ಷಗಟ್ಟಲೆ ನಿಷೇಧಿಸಲಾಯಿತು; ಇವುಗಳಲ್ಲಿ ಯಾವುದಕ್ಕೂ ಅವಳಿಗೆ ಅಲರ್ಜಿಯಿಲ್ಲವೆಂಬುದು ಬಹಳ ತಡವಾಗಿ ತಿಳಿಯಿತು.

ಮಷೀನು ಮನೆಗೆ ಬಂದ ಮೇಲೆ

1998ರಲ್ಲಿ, ದೀಪಾವಳಿಯ ಬೋನಸ್ಸಿಗೆ ಸಾಲವನ್ನೂ ಸೇರಿಸಿ, ತಂದೆ ಒಂದು ಕಂಪ್ರೆಸರ್ ನೆಬ್ಯುಲೈಸರ್ ಕೊಂಡರು. ಸದ್ದು ಬಹಳ, ತೂಕವೂ ಬಹಳ. ಈಗಿನಂತೆ ಒಂದೊಂದು ಬಾರಿಗೆ ಅಳೆದ ಪುಟ್ಟ ರೆಸ್ಪ್ಯೂಲ್‌ಗಳು ಆಗ ಆ ಮನೆಗೆ ಬರುತ್ತಿರಲಿಲ್ಲ. ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಸಾಲ್ಬುಟಮಾಲ್ ಇರುವ ದ್ರಾವಣದ ಪುಟ್ಟ ಬಾಟಲಿಯಿಂದ ಸಿರಿಂಜಿನಲ್ಲಿ ಅರ್ಧ ಮಿಲಿಲೀಟರ್ ಎಳೆದು, ಅದಕ್ಕೆ ಸಲೈನ್ ಬೆರೆಸಿ ಕಪ್ಪಿಗೆ ಹಾಕಬೇಕಿತ್ತು. ಅಂಕಿಗಳಲ್ಲಿ ಪಳಗಿದ ತಂದೆಗೆ ಈ ಅಳತೆಯೇನೂ ಕಷ್ಟವಾಗಲಿಲ್ಲ. ಪುಸ್ತಕದಲ್ಲಿ ‘0.5 + 2.5’ ಎಂಬ ನಮೂದು ಸಾಲುಸಾಲಾಗಿದೆ.

ಆ ಯಂತ್ರ ಆ ಮನೆಗೆ ಮಾಡಿದ ಉಪಕಾರವನ್ನು ಕಡಿಮೆ ಮಾಡಿ ಹೇಳಬಾರದು. ನೆಬ್ಯುಲೈಸರ್ ದ್ರವೌಷಧವನ್ನು ಅತಿಸಣ್ಣ ಹನಿಗಳ ಮಂಜಾಗಿ ಒಡೆದು ಉಸಿರಿನ ಜೊತೆ ನೇರವಾಗಿ ಶ್ವಾಸನಾಳಕ್ಕೆ ಕಳಿಸುತ್ತದೆ. ಸಾಲ್ಬುಟಮಾಲ್ ಐದಾರು ನಿಮಿಷದಲ್ಲಿ ಕೆಲಸ ಆರಂಭಿಸಿ ನಾಲ್ಕರಿಂದ ಆರು ಗಂಟೆ ಕಾಲ ನಾಳಗಳ ಸುತ್ತಲಿನ ಸ್ನಾಯುಗಳನ್ನು ಸಡಿಲವಾಗಿಡುತ್ತದೆ. ಸಿರಪ್ಪಿನ ನಡುಕವೂ ಚುಚ್ಚುಮದ್ದಿನ ಭಯವೂ ಒಟ್ಟಿಗೇ ತಪ್ಪಿದವು. ನಡುರಾತ್ರಿಯ ಸೈಕಲ್ ಪ್ರಯಾಣ ನಿಂತಿತು. ಅವಳು ಶಾಲೆಗೆ ಗೈರುಹಾಜರಾಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತೆಂದು ತಾಯಿ ನೆನೆಯುತ್ತಾರೆ.

ಬಳಕೆಯಲ್ಲಿ ತೊಡಕುಗಳೂ ಇದ್ದವು, ಮತ್ತು ಅವು ಇಂದಿಗೂ ನೂರಾರು ಮನೆಗಳಲ್ಲಿರುವ ತೊಡಕುಗಳೇ. ಮಾಸ್ಕ್ ಮುಖಕ್ಕೆ ಒತ್ತಿದರೆ ಹುಡುಗಿ ತಲೆ ತಿರುಗಿಸುತ್ತಿದ್ದಳು, ಆದ್ದರಿಂದ ತಾಯಿ ಅದನ್ನು ಎರಡು ಮೂರು ಬೆರಳು ದೂರ ಹಿಡಿಯುತ್ತಿದ್ದರು; ಅಷ್ಟು ಅಂತರವಿದ್ದರೆ ಔಷಧದ ದೊಡ್ಡ ಪಾಲು ಕೋಣೆಯ ಗಾಳಿಗೆ ಹೋಗುತ್ತದೆ. ಒಮ್ಮೆ ಒಡೆದ ಸಲೈನ್ ಬಾಟಲಿಯನ್ನು ಮುಗಿಯುವ ತನಕ ಬಳಸುತ್ತಿದ್ದರು. ಕಪ್ಪನ್ನು ತೊಳೆಯುತ್ತಿದ್ದರಾದರೂ ಒಣಗಿಸದೆ ಮುಚ್ಚಿಡುತ್ತಿದ್ದರು. ತೇವ ನಿಂತ ಕಪ್ಪಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಮುಂದಿನ ಬಾರಿಯ ಮಂಜಿನಲ್ಲಿ ಎದೆಗೇ ಇಳಿಯಬಲ್ಲವು. ಎಲ್ಲಕ್ಕಿಂತ ದೊಡ್ಡ ತೊಡಕು ಕರೆಂಟು. ಆ ವರ್ಷಗಳ ಲೋಡ್ ಶೆಡ್ಡಿಂಗ್ ವೇಳಾಪಟ್ಟಿಯನ್ನು ತಂದೆ ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡಿದ್ದರು. ಕರೆಂಟು ಹೋಗುವ ಮುನ್ನ, ಉಬ್ಬಸ ಇರಲಿ ಬಿಡಲಿ, ಒಂದು ಸುತ್ತು ಹಾಕಿಬಿಡುವ ರೂಢಿ ಅಲ್ಲಿಂದಲೇ ಶುರುವಾಯಿತು.

ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಇನ್‌ಹೇಲರ್ ಸಿಕ್ಕಿಸಿ ಉಸಿರೆಳೆದುಕೊಂಡರೆ, ಸಾಧಾರಣ ತೀವ್ರತೆಯ ಉಬ್ಬಸಕ್ಕೆ ಅದು ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ; ಕರೆಂಟು ಬೇಡ, ಸದ್ದಿಲ್ಲ, ಚೀಲದಲ್ಲಿ ಹಿಡಿಯುತ್ತದೆ. ಕೊಳ್ಳಲು ಹಣವಿಲ್ಲದವರಿಗೆ ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯೂ ಸ್ಪೇಸರ್ ಆಗಬಲ್ಲದೆಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ವೈದ್ಯರು 1999ರಲ್ಲೇ ತೋರಿಸಿದ್ದರು. ಆದರೆ ಆ ಮನೆಯಲ್ಲಿ ಪಂಪು (ಇನ್‌ಹೇಲರ್) ಎಂದರೆ ಮುದುಕರ ವಸ್ತು, ಒಮ್ಮೆ ಹಿಡಿದರೆ ಬಿಡಿಸಲಾಗದ ಚಟ. ಮಷೀನು ಎಂದರೆ ಆಸ್ಪತ್ರೆಯ ಚಿಕಿತ್ಸೆ. ಎರಡರಲ್ಲಿಯೂ ಇರುವುದು ಒಂದೇ ಔಷಧವೆಂದು, ಅದೂ ಮಷೀನಿನಲ್ಲಿ ಅದರ ಪ್ರಮಾಣ ಹಲವು ಪಟ್ಟು ಹೆಚ್ಚೆಂದು ಯಾರೂ ಹೇಳಿರಲಿಲ್ಲ. ಅಚ್ಚರಿಯೆಂದರೆ, ಒತ್ತಿದರೆ ಅಳತೆಯ ಔಷಧ ಹೊರಬರುವ ಇನ್‌ಹೇಲರಿನ ಮೂಲವೇ ಒಬ್ಬ ಹುಡುಗಿಯ ಪ್ರಶ್ನೆ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೈಸನ್ ಅವರ 13 ವರ್ಷದ ಅಸ್ತಮಾಪೀಡಿತ ಮಗಳು, ಗಾಜಿನ ನೆಬ್ಯುಲೈಸರಿನ ಕಿರಿಕಿರಿ ತಾಳಲಾರದೆ, ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ನನ್ನ ಔಷಧ ಏಕೆ ಬರುವುದಿಲ್ಲ ಎಂದು 1955ರಲ್ಲಿ ಕೇಳಿದಳು. ಮರುವರ್ಷವೇ ಅದು ಮಾರುಕಟ್ಟೆಗೆ ಬಂತು.

ನಿಲ್ಲಿಸಿಬಿಟ್ಟ ಔಷಧ

ಪ್ರಕರಣದ ತಿರುಳು ಇಲ್ಲಿದೆ. 1999ರಲ್ಲಿ ಊರಿನ ಮಕ್ಕಳ ತಜ್ಞರೊಬ್ಬರು ಬೆಕ್ಲೊಮೆಥಸೋನ್ ಇನ್‌ಹೇಲರ್ ಬರೆದುಕೊಟ್ಟು, ದಿನಕ್ಕೆ ಎರಡು ಬಾರಿ, ಉಬ್ಬಸವಿರಲಿ ಇಲ್ಲದಿರಲಿ, ತಪ್ಪದೆ ಕೊಡಬೇಕೆಂದಿದ್ದರು. ಉಸಿರಿನ ಮೂಲಕ ಕೊಡುವ ಈ ಸ್ಟೀರಾಯ್ಡ್ ಬ್ರಿಟನ್ನಿನಲ್ಲಿ 1972ರಿಂದ ಬಳಕೆಯಲ್ಲಿದ್ದ ಔಷಧ. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರದ ಊತವನ್ನು ತಗ್ಗಿಸುವ ಮುಖ್ಯ ಔಷಧವೂ ಇದೇ. ಎರಡು ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ ಕಾರಣಗಳು ತಾಯಿಗೆ ಈಗಲೂ ನೆನಪಿವೆ. ಔಷಧದ ಅಂಗಡಿಯವರು ಇದು ಸ್ಟೀರಾಯ್ಡ್, ಹುಡುಗಿ ಕುಳ್ಳಗಾಗುತ್ತಾಳೆ ಎಂದರು. ಅದನ್ನು ಎಳೆದುಕೊಂಡರೆ ಏನೂ ಆಗುತ್ತಿರಲಿಲ್ಲ: ಎದೆ ಹಗುರಾಗುವುದಿಲ್ಲ, ಕೆಮ್ಮು ನಿಲ್ಲುವುದಿಲ್ಲ. ಆಗಿನ ಎರಡು ತಿಂಗಳು ಉಬ್ಬಸ ಬರಲೇ ಇಲ್ಲವಾದ್ದರಿಂದ ಗುಣವಾಯಿತೆಂದೇ ಭಾವಿಸಿದರು. ಬಾರದ ಉಬ್ಬಸವೇ ಆ ಔಷಧದ ಕೆಲಸವೆಂಬುದನ್ನು ತೋರಿಸಲು ಪುಸ್ತಕದಲ್ಲಿಯೂ ಜಾಗವಿರಲಿಲ್ಲ. ಆ ಎರಡು ತಿಂಗಳ ಪುಟ ಖಾಲಿಯಿದೆ.

ಎತ್ತರದ ಭಯ ಪೂರ್ತಿ ಸುಳ್ಳಲ್ಲ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವೂ ಇಲ್ಲ. ಅಮೆರಿಕದಲ್ಲಿ ಮಕ್ಕಳನ್ನು ದೊಡ್ಡವರಾಗುವ ತನಕ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಇದೇ ಬಗೆಯ ಸ್ಟೀರಾಯ್ಡಾದ ಬುಡೆಸೊನೈಡ್ ಎಳೆದುಕೊಂಡವರ ಅಂತಿಮ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿತ್ತು. ಆದರೆ ಈ ಮನೆಯವರು ಯಾವುದನ್ನು ಯಾವುದಕ್ಕೆ ಬದಲಾಯಿಸಿಕೊಂಡರು ಎಂಬುದನ್ನು ನೋಡಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ 20 ಮಿಲಿಗ್ರಾಂನ ಒಂದು ಮಾತ್ರೆ, 200 ಮೈಕ್ರೋಗ್ರಾಂ ಎಳೆದುಕೊಳ್ಳುವ ಔಷಧದ ನೂರು ಪಟ್ಟು ತೂಕದ್ದು, ಮತ್ತು ಅದು ಹೋಗುವುದು ಇಡೀ ಮೈಗೆ. ಇನ್‌ಹೇಲರಿನ ಸ್ಟೀರಾಯ್ಡಿಗೆ ಹೆದರಿದ ಮನೆಯಲ್ಲಿ, 1999ರಿಂದ 2003ರವರೆಗಿನ ಚೀಟಿಗಳ ಪ್ರಕಾರ, ಪ್ರತಿ ಮಳೆಗಾಲಕ್ಕೂ ಒಂದೆರಡು ಬಾರಿ ಸ್ಟೀರಾಯ್ಡ್ ಮಾತ್ರೆಯ ಕೋರ್ಸ್ ನಡೆದಿದೆ. ಜೀವಮಾನದಲ್ಲಿ ಇಂಥ ನಾಲ್ಕೈದು ಕೋರ್ಸುಗಳಾದರೂ ಮೂಳೆ ಸವೆತ, ಮಧುಮೇಹ, ಕಣ್ಣಿನ ಪೊರೆಗಳ ಸಾಧ್ಯತೆ ಹೆಚ್ಚುತ್ತದೆಂದು ಈಗ ತಿಳಿದಿದೆ. ಅಂಗಡಿಯ ಲೆಕ್ಕದಲ್ಲಿ ಎಂದೂ ಎಡವದ ತಂದೆ, ಈ ಒಂದು ಖಾತೆಯಲ್ಲಿ ಬಡ್ಡಿ ಕಟ್ಟುತ್ತ ಅಸಲನ್ನು ಹಾಗೆಯೇ ಬೆಳೆಯಲು ಬಿಟ್ಟರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಬರೆದುಕೊಟ್ಟ ವೈದ್ಯರು ಎರಡು ಔಷಧಗಳ ವ್ಯತ್ಯಾಸವನ್ನು ಹತ್ತು ನಿಮಿಷ ಕೂತು ವಿವರಿಸಿದ್ದರೆ, ಬಹುಶಃ ಅವರು ಅದಕ್ಕೂ ಒಂದು ಕಲಂ ಎಳೆಯುತ್ತಿದ್ದರು.

2003ರ ನಂತರ ನಮೂದುಗಳು ತೆಳುವಾಗಿ ನಿಂತುಹೋಗುತ್ತವೆ. ಹುಡುಗಿಗೆ ಆಗ 14 ವರ್ಷ. ಹರೆಯದಲ್ಲಿ ಅಸ್ತಮಾ ಹಿಂದೆ ಸರಿಯುವುದು ಅಪರೂಪವಲ್ಲ. ಶ್ವಾಸನಾಳಗಳು ಅಗಲವಾಗುತ್ತವೆ, ನೆಗಡಿಯ ವೈರಸ್ಸುಗಳಿಗೆ ಮೈ ಒಗ್ಗುತ್ತದೆ. ಆದರೆ ಇದು ಗಂಡುಮಕ್ಕಳಲ್ಲಿ ಹೆಚ್ಚು. ಚಿಕ್ಕವರಲ್ಲಿ ಗಂಡುಮಕ್ಕಳನ್ನು ಹೆಚ್ಚು ಕಾಡುವ ಈ ಕಾಯಿಲೆ, ಪ್ರಾಯ ಬಂದ ಮೇಲೆ ಹೆಂಗಸರಲ್ಲೇ ಹೆಚ್ಚು ಕಾಣುತ್ತದೆ. ಮನೆಯವರು ಮಷೀನನ್ನು ಅಟ್ಟಕ್ಕೇರಿಸಿ, ದೊಡ್ಡವಳಾದಳು, ಹೋಯಿತು ಎಂದುಕೊಂಡರು. ಬೆಳಗ್ಗೆಯ ಸೀನು ಹೋಗಿರಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೆಂಗಳೂರು

2011ರಲ್ಲಿ ಕೆಲಸ ಸಿಕ್ಕಿ ಅವಳು ಬೆಂಗಳೂರಿಗೆ ಬಂದಳು. ಬೆಂಗಳೂರಿಗೂ ಉಬ್ಬಸಕ್ಕೂ ಇರುವ ನಂಟು ಹಳೆಯದು. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ನಗರದ ಆಸ್ಪತ್ರೆಯಲ್ಲಿ ನೋಡಿದ 20,000 ಮಕ್ಕಳ ಅಂಕಿಅಂಶಗಳಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಅದನ್ನು ಇಡೀ ನಗರಕ್ಕೆ ಹಚ್ಚಲಾಗದು, ಆದರೆ ಏರಿಕೆಯ ದಿಕ್ಕಿನ ಬಗ್ಗೆ ಅನುಮಾನವಿಲ್ಲ. ಮೊದಲ ಚಳಿಗಾಲದಲ್ಲೇ, ಗೋಡೆಗೆ ತೇವ ಹಿಡಿದ ಪಿಜಿ ಕೋಣೆಯಲ್ಲಿ, ಎಂಟು ವರ್ಷದ ನಂತರ ಉಬ್ಬಸ ಮರಳಿತು. ದಾವಣಗೆರೆಯಿಂದ ತಂದೆ ಹಳೆಯ ಪುಸ್ತಕವನ್ನೂ, ಅಂಗೈಯಗಲದ ಹೊಸ ನೆಬ್ಯುಲೈಸರನ್ನೂ ತಂದುಕೊಟ್ಟರು.

ಇಲ್ಲಿಂದ ಮುಂದಿನ ನಮೂದುಗಳು ಮಗಳವು. ಔಷಧ ಬದಲಾಗಿದೆ: ಲಿವೊಸಾಲ್ಬುಟಮಾಲ್ ಮತ್ತು ಇಪ್ರಾಟ್ರೋಪಿಯಂ ಎಂಬ, ಶ್ವಾಸನಾಳ ಸಡಿಲಿಸುವ ಎರಡು ಔಷಧಗಳನ್ನು ಬೆರೆಸಿದ ರೆಸ್ಪ್ಯೂಲ್. ಚೀಟಿಯಿಲ್ಲದೆಯೇ ಔಷಧದಂಗಡಿಯಲ್ಲಿ ಸಿಗುತ್ತಿತ್ತು. ಜೊತೆಗೆ ಕೈಚೀಲದಲ್ಲಿ ಸದಾ, ತಕ್ಷಣದ ಉಪಶಮನದ ನೀಲಿ ಇನ್‌ಹೇಲರ್. ನಾಳಗಳ ಸ್ನಾಯುವನ್ನು ಸಡಿಲಿಸುವ ಔಷಧವೊಂದನ್ನೇ ದಿನವೂ ಬಳಸಿದರೆ, ಅದಕ್ಕೆ ಸ್ಪಂದಿಸುವ ಜೀವಕೋಶದ ಗ್ರಾಹಕಗಳು (ರಿಸೆಪ್ಟರ್‌ಗಳು) ಮಂದವಾಗುತ್ತ ಹೋಗುತ್ತವೆ, ಒಳಗಿನ ಊತಕ್ಕೆ ಮಾತ್ರ ಏನೂ ಆಗುವುದಿಲ್ಲ. 200 ಬಾರಿ ಒತ್ತಬಹುದಾದ ಇಂಥ ಇನ್‌ಹೇಲರು ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ತೀವ್ರ ಉಬ್ಬಸದ ಸಾಧ್ಯತೆ ಹೆಚ್ಚುತ್ತದೆ. ಹನ್ನೆರಡು ಮುಟ್ಟಿದರೆ ಸಾವಿನ ಸಾಧ್ಯತೆಯೇ ಹೆಚ್ಚುತ್ತದೆ. ಅವಳು ತಿಂಗಳಿಗೊಂದು ಕೊಳ್ಳುತ್ತಿದ್ದಳು, ಮಷೀನಿನದ್ದು ಬೇರೆ.

2014ರ ಮದುವೆಯ ಮಾತುಕತೆಯಲ್ಲಿ ಈ ವಿಷಯ ಬರಲಿಲ್ಲ. ನೋಡಲು ಬಂದ ದಿನ ಇನ್‌ಹೇಲರ್ ಅಕ್ಕಿ ಡಬ್ಬಿಯ ಹಿಂದೆ ಇತ್ತು. ಮದುವೆಯಾದ ಮೇಲೂ ಆರು ತಿಂಗಳು ಬಚ್ಚಲುಮನೆಯಲ್ಲೇ ಅದನ್ನು ಬಳಸಿದ್ದಾಗಿ ಅವಳು ಹೇಳುತ್ತಾಳೆ. ಸದ್ದು ಮಾಡುವ ಮಷೀನನ್ನು ಹೊರತೆಗೆಯಲಾಗದ ಆ ಕಾಲದಲ್ಲಿ ರಾತ್ರಿಗಳು ಹೇಗೆ ಕಳೆದವೆಂಬುದಕ್ಕೆ ಪುಸ್ತಕದಲ್ಲಿ ದಾಖಲೆಯಿಲ್ಲ. ಗಂಡನಿಗೆ ತಿಳಿದಾಗ ಆತ ಸಿಟ್ಟಾದದ್ದು ಕಾಯಿಲೆಗಲ್ಲ, ಮುಚ್ಚಿಟ್ಟದ್ದಕ್ಕೆ. ಅತ್ತೆಯ ಮನೆಯಲ್ಲಿ ಸಂಜೆ ಲೋಬಾನ ಹಾಕುವುದು ಅಂದಿನಿಂದ ನಿಂತಿತು. ನಮ್ಮಲ್ಲಿ ಹೆಣ್ಣುಮಕ್ಕಳ ಅಸ್ತಮಾ ಹತೋಟಿಗೆ ಬಾರದಿರಲು ಔಷಧದ ಕೊರತೆಗಿಂತ ಈ ಬಚ್ಚಿಡುವಿಕೆಯ ಪಾಲೇ ದೊಡ್ಡದೆಂದು ನನ್ನ ಅನಿಸಿಕೆ.

ಗರ್ಭಿಣಿಯರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರ ಅಸ್ತಮಾ ಹೆಚ್ಚುತ್ತದೆ, ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ, ಉಳಿದವರಿಗೆ ಹಾಗೆಯೇ ಇರುತ್ತದೆ. 2016ರಲ್ಲಿ ಗರ್ಭಿಣಿಯಾದಾಗ ಇವಳದು ಹೆಚ್ಚಿತು. ಆಗ ವೈದ್ಯರು ಕೊಟ್ಟ ಬುಡೆಸೊನೈಡನ್ನು, ಮಗುವಿಗೆ ತೊಂದರೆಯಾದೀತೆಂಬ ಹಿರಿಯರ ಮಾತಿಗೆ ಹೆದರಿ, ಬೇಕಾದಾಗ ಮಾತ್ರ ಎಳೆದುಕೊಂಡಳು. ಗರ್ಭಕ್ಕೆ ನಿಜವಾದ ಅಪಾಯವಿರುವುದು ತಾಯಿಯ ರಕ್ತದಲ್ಲಿ ಆಮ್ಲಜನಕ ಇಳಿಯುವುದರಿಂದ. ಬುಡೆಸೊನೈಡ್ ಗರ್ಭಾವಸ್ಥೆಯಲ್ಲಿ ಹೆಚ್ಚು ಅನುಭವವಿರುವ, ಸುರಕ್ಷಿತವೆಂದು ಕಂಡುಬಂದಿರುವ ಔಷಧ. 2017ರಲ್ಲಿ ಗಂಡುಮಗು ಹುಟ್ಟಿತು.

2018ರ ನವೆಂಬರ್

ದೀಪಾವಳಿಯ ವಾರ. ಮೂರು ದಿನದಿಂದ ನೆಗಡಿ, ಬೀದಿಯಲ್ಲಿ ಪಟಾಕಿಯ ಹೊಗೆ. ಪುಸ್ತಕದ ಕೊನೆಯ ಪುಟದಲ್ಲಿ ಒಂದೇ ರಾತ್ರಿಯ ನಾಲ್ಕು ನಮೂದುಗಳಿವೆ: ಹತ್ತು ಗಂಟೆ, ಹನ್ನೆರಡೂವರೆ, ಎರಡು, ಮೂರು. ಅಂತರ ಕಿರಿದಾಗುತ್ತ ಹೋಗಿರುವುದನ್ನು ಅಂದು ಓದುವವರಿರಲಿಲ್ಲ. ಉಸಿರು ಸಲೀಸಾದ ಸಮಯದ ಕಲಂನಲ್ಲಿ ಮೊದಲ ಸಾಲಿಗೆ ‘15 ನಿ.’ ಎಂದಿದೆ, ಎರಡನೆಯದಕ್ಕೆ ‘ಸ್ವಲ್ಪ’, ಉಳಿದೆರಡು ಖಾಲಿ. ನಾಲ್ಕು ಗಂಟೆಯ ಹೊತ್ತಿಗೆ ಮಾತು ಬಿಡಿಬಿಡಿಯಾಗಿ, ಒಂದು ವಾಕ್ಯ ಮುಗಿಸಲಾಗದೆ ಹೋದಾಗ ಗಂಡ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ರಕ್ತದ ಆಮ್ಲಜನಕ ಶೇ 86. ಆಮ್ಲಜನಕ, ಅದರೊಂದಿಗೇ ನೆಬ್ಯುಲೈಸೇಶನ್, ಸಿರೆಯ ಮೂಲಕ ಸ್ಟೀರಾಯ್ಡ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು, ಎರಡು ದಿನ ತೀವ್ರ ನಿಗಾ ಘಟಕದಲ್ಲಿಟ್ಟರು. ವೆಂಟಿಲೇಟರ್ ಬೇಕಾಗಲಿಲ್ಲ.

ಮನೆಯ ಮಷೀನು ಅಂದು ಸೋತದ್ದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೀವ್ರ ಉಬ್ಬಸದಲ್ಲಿ ನಾಳಗಳು ಬಿಗಿಯುವುದರ ಜೊತೆಗೆ ಒಳಪದರ ಊದಿ, ಗಟ್ಟಿ ಕಫ ತುಂಬಿರುತ್ತದೆ. ಸಾಲ್ಬುಟಮಾಲ್ ಸ್ನಾಯುವನ್ನಷ್ಟೇ ಸಡಿಲಿಸಬಲ್ಲದು, ಊತಕ್ಕೂ ಕಫಕ್ಕೂ ಅದು ಮದ್ದಲ್ಲ. ಊತ ಇಳಿಸುವ ಸ್ಟೀರಾಯ್ಡ್ ಕೆಲಸ ಮಾಡಲು ಕೆಲವು ಗಂಟೆ ಬೇಕು, ಆದ್ದರಿಂದ ಅದು ಆರಂಭದಲ್ಲೇ ಮೈ ಸೇರಬೇಕು. ಇನ್ನೊಂದು ಸಂಗತಿ: ಆಸ್ಪತ್ರೆಯಲ್ಲಿ ನೆಬ್ಯುಲೈಸರನ್ನು ಆಮ್ಲಜನಕದಿಂದ ನಡೆಸುತ್ತಾರೆ, ಮನೆಯದ್ದು ನಡೆಯುವುದು ಕೋಣೆಯ ಗಾಳಿಯಿಂದ. ಸಾಲ್ಬುಟಮಾಲ್ ಶ್ವಾಸಕೋಶದ ರಕ್ತನಾಳಗಳನ್ನೂ ಹಿಗ್ಗಿಸುವುದರಿಂದ, ಗಾಳಿ ತಲುಪದ ಭಾಗಗಳಿಗೂ ರಕ್ತ ಹರಿದು, ಆಮ್ಲಜನಕದ ಮಟ್ಟ ಕೆಲ ಹೊತ್ತು ಇನ್ನಷ್ಟು ಕುಸಿಯಬಹುದು. ಎದೆ ಕೊಂಚ ಹಗುರಾದಂತೆ ಅನ್ನಿಸುತ್ತಿರುವಾಗಲೇ ರೋಗಿ ಅಪಾಯದತ್ತ ಜಾರುತ್ತಿರಲು ಸಾಧ್ಯ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಜನ ಭಾರತದಲ್ಲಿದ್ದರೆ, ಅಸ್ತಮಾ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು ಇಲ್ಲಿಯೇ ಆಗುತ್ತವೆಂಬ ಅಂದಾಜಿನ ಹಿಂದೆ ಇಂಥ ರಾತ್ರಿಗಳು ಎಷ್ಟಿರಬಹುದೋ.

ನಂತರದ ಚಿಕಿತ್ಸೆ

ಆಸ್ಪತ್ರೆಯಿಂದ ಬಿಡುಗಡೆಯಾಗಿ ಆರು ವಾರಕ್ಕೆ ಮಾಡಿದ ಸ್ಪೈರೊಮೆಟ್ರಿ (ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ಅವಳ ಜೀವನದಲ್ಲಿ ಮೊದಲನೆಯದು. ಮೊದಲ ಉಬ್ಬಸದಿಂದ ಅಲ್ಲಿಗೆ 26 ವರ್ಷ ಕಳೆದಿತ್ತು. ಔಷಧ ಎಳೆದುಕೊಂಡ ಮೇಲೆ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿಯ ಪ್ರಮಾಣ ಶೇ 12ಕ್ಕೂ ಮತ್ತು 200 ಮಿಲಿಲೀಟರಿಗೂ ಮೀರಿ ಏರಿದ್ದರಿಂದ ಅಸ್ತಮಾ ಖಚಿತವಾಯಿತು. ಇನ್‌ಹೇಲರ್ ಬಳಸಿ ತೋರಿಸಲು ಕೇಳಿದಾಗ, ಉಸಿರೆಳೆದು ಮುಗಿಸಿದ ಮೇಲೆ ಒತ್ತುತ್ತಿದ್ದಳು. ಔಷಧವೆಲ್ಲ ನಾಲಿಗೆಯ ಮೇಲೆ. ಏಳು ವರ್ಷದಿಂದ ಹಾಗೆಯೇ ಬಳಸಿದ್ದಳು, ಯಾರೂ ನೋಡಿರಲಿಲ್ಲ.

ಬುಡೆಸೊನೈಡ್ ಮತ್ತು ನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಇನ್‌ಹೇಲರನ್ನು ಬೆಳಗ್ಗೆ ಮತ್ತು ರಾತ್ರಿ, ಸ್ಪೇಸರ್ ಹಾಕಿ, ಬಳಸಲು ಕಲಿಸಲಾಯಿತು. ಗಂಟಲಲ್ಲಿ ಬಿಳಿ ಅಗ್ರ ಕಟ್ಟದಂತೆ ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಿ ಉಗುಳಬೇಕು. 2019ರಲ್ಲಿ ಅಸ್ತಮಾದ ಜಾಗತಿಕ ಮಾರ್ಗಸೂಚಿ ದೊಡ್ಡ ತಿರುವು ಪಡೆಯಿತು: ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು, ತತ್‌ಕ್ಷಣದ ಉಪಶಮನಕ್ಕೂ ಸ್ಟೀರಾಯ್ಡ್ ಬೆರೆತ ಔಷಧವೇ ಇರಬೇಕು. ಅದರಂತೆ ಉಬ್ಬಸ ಕಾಣಿಸಿದಾಗಲೂ ಅವಳು ಅದೇ ಇನ್‌ಹೇಲರನ್ನು ಬಳಸುತ್ತಾಳೆ. ಎದೆ ಬಿಗಿದಾಗಲೆಲ್ಲ ಊತ ಇಳಿಸುವ ಔಷಧವೂ ತಾನಾಗಿಯೇ ಒಳಹೋಗುತ್ತದೆ. ಹತ್ತಿ ಹಾಸಿಗೆ ಬದಲಾಯಿತು, ದಿಂಬಿಗೂ ಹಾಸಿಗೆಗೂ ನುಸಿ ತೂರದ ಹೊದಿಕೆ ಬಂತು, ಮೂಗಿನ ಅಲರ್ಜಿಗೆ ಸ್ಪ್ರೇ ಶುರುವಾಯಿತು. ಬಾಳೆಹಣ್ಣು ಮರಳಿ ತಟ್ಟೆಗೆ ಬಂತು.

ಲೆಕ್ಕದ ಪುಸ್ತಕದ ಜಾಗಕ್ಕೆ, ಎಷ್ಟು ಜೋರಾಗಿ ಊದಬಲ್ಲಳೆಂದು ಅಳೆಯುವ ಪೀಕ್ ಫ್ಲೋ ಮೀಟರಿನ ಹಾಳೆ ಬಂದಿದೆ. ಅವಳ ಅತ್ಯುತ್ತಮ ಊದು 400ರ ಆಸುಪಾಸು. 320ಕ್ಕಿಂತ ಇಳಿದರೆ ಔಷಧ ಹೆಚ್ಚಿಸಬೇಕು, 200ಕ್ಕಿಂತ ಇಳಿದರೆ ಸ್ಟೀರಾಯ್ಡ್ ಮಾತ್ರೆ ನುಂಗಿ ಆಸ್ಪತ್ರೆಗೆ ಹೊರಡಬೇಕು ಎಂಬ ಸೂಚನೆ ಅದರ ಮೇಲ್ಭಾಗದಲ್ಲೇ ಕನ್ನಡದಲ್ಲಿ ಬರೆದಿದೆ. ಈ ಹಾಳೆಯನ್ನು ಅವಳು ಮೊದಲ ವರ್ಷ ದಿನವೂ ತುಂಬಿದಳು, ಈಗ ನೆಗಡಿಯಾದಾಗ ಮತ್ತು ಊರು ಬದಲಿಸಿದಾಗ ಮಾತ್ರ. ನೆಬ್ಯುಲೈಸರನ್ನು ಬಿಟ್ಟುಬಿಡಲು ಹೇಳಲಿಲ್ಲ. ಸ್ಪೇಸರಿನಲ್ಲಿ ಉಸಿರೆಳೆಯಲಾಗದಷ್ಟು ಬಳಲಿದರೆ, ಆಸ್ಪತ್ರೆಗೆ ವಾಹನ ಬರುವ ತನಕ ಬಳಸಲು ಅದು ಇದೆ. ಹಾಕಿದ ಒಂದು ಗಂಟೆಯೊಳಗೆ ಎರಡನೆಯ ಬಾರಿ ಬೇಕೆನಿಸಿದರೆ ಹಾಕುತ್ತಲೇ ಹೊರಡಬೇಕು, ಕಾಯಬಾರದು ಎಂಬುದು ಗಂಡನಿಗೂ ಗೊತ್ತಿದೆ.

2018ರ ನಂತರ ಆಸ್ಪತ್ರೆಗೆ ಸೇರುವಂಥ ಉಬ್ಬಸ ಬಂದಿಲ್ಲ. 2021ರಲ್ಲಿ ಕೋವಿಡ್ ಬಂದಾಗ ಇನ್‌ಹೇಲರನ್ನು ನಿಲ್ಲಿಸಲಿಲ್ಲ; ಒಂದು ಸಣ್ಣ ಸ್ಟೀರಾಯ್ಡ್ ಕೋರ್ಸಿನಲ್ಲಿ ಚೇತರಿಸಿಕೊಂಡಳು. ದಾವಣಗೆರೆಗೆ ಹೋದಾಗ ಮಾತ್ರ ಎರಡನೆಯ ರಾತ್ರಿಯೇ ಕೆಮ್ಮು ಶುರುವಾಗುತ್ತದೆ, ಹಾಗಾಗಿ ಹೊರಡುವ ಮುನ್ನವೇ ಔಷಧದ ಪ್ರಮಾಣ ಏರಿಸಿಕೊಳ್ಳುವ ಏರ್ಪಾಡಿದೆ.

ಎರಡು ವಿಷಯಗಳು ಇನ್ನೂ ತೀರ್ಮಾನವಾಗಿಲ್ಲ. ಮಗನಿಗೆ ಎರಡನೆಯ ವರ್ಷದಿಂದ ನೆಗಡಿಯಾದಾಗಲೆಲ್ಲ ಎದೆಯಲ್ಲಿ ಸಿಳ್ಳೆ ಕೇಳುತ್ತಿತ್ತು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಶಾಲೆ ಸೇರುವ ಹೊತ್ತಿಗೆ ಅದು ನಿಂತುಹೋಗುತ್ತದಾದರೂ, ಇವನಿಗೆ ಇಸುಬೂ ಇದೆ, ತಾಯಿಗೆ ಅಸ್ತಮಾವೂ ಇದೆ; ಈ ಎರಡೂ ಇದ್ದಾಗ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ಅವನು ಈಗ ಸ್ಪೇಸರ್ ಹಿಡಿದು ತಾನೇ ಉಸಿರೆಳೆಯುತ್ತಾನೆ, ಶಾಲೆಯ ಚೀಲದಲ್ಲಿ ಇನ್‌ಹೇಲರ್ ಇದೆ, ತರಗತಿಯ ಶಿಕ್ಷಕಿಗೂ ತಿಳಿಸಲಾಗಿದೆ. ಇನ್ನೊಂದು, ಅವಳದೇ ಪ್ರಶ್ನೆ: ಇಷ್ಟು ವರ್ಷ ಚೆನ್ನಾಗಿದ್ದೇನೆ, ಇನ್ನು ನಿಲ್ಲಿಸಬಹುದೇ? ಮೂರು ತಿಂಗಳು ಹತೋಟಿಯಲ್ಲಿದ್ದರೆ ಪ್ರಮಾಣ ಇಳಿಸುವುದನ್ನು ಯೋಚಿಸಬಹುದು, ಆದರೆ ಸ್ಟೀರಾಯ್ಡನ್ನು ಪೂರ್ತಿ ನಿಲ್ಲಿಸುವುದನ್ನು ಮಾರ್ಗಸೂಚಿ ಒಪ್ಪುವುದಿಲ್ಲ. ಬರುವ ಬೇಸಿಗೆಯಲ್ಲಿ, ನೆಗಡಿ ಕಡಿಮೆಯಿರುವ ತಿಂಗಳು ನೋಡಿ, ರಾತ್ರಿಯ ಒಂದು ಬಾರಿಗೆ ಇಳಿಸಿ, ಪೀಕ್ ಫ್ಲೋ ಹಾಳೆಯನ್ನು ಮತ್ತೆ ದಿನವೂ ತುಂಬುವುದೆಂದು ಸದ್ಯಕ್ಕೆ ಒಪ್ಪಂದವಾಗಿದೆ.